ಬ್ರೇಕಿನ ತೂಕ

ಜನವರಿ 3, ಶನಿವಾರ

ಎರಡು ರೂಟ್ ಕೆನಾಲ್. ಒಂದು ಬುದ್ಧಿಹಲ್ಲು. ಲಚ್ಯಾಣದಿಂದ ಬಂದ ಮುದುಕ ಬಾಯಿ ತೆರೆಯಲಿಲ್ಲ, ಹೆಂಗಸು ಬಾಯೊಳಗೆ ಕೈ ಹಾಕುವುದೇ ಎಂದು ಮುಖ ತಿರುಗಿಸಿ ಕೂತ. ಕೂರಲಿ ಎಂದು ಬಿಟ್ಟೆ. ಅರ್ಧ ಗಂಟೆಗೆ ನೋವು ಜೋರಾಯಿತು, ತಾನೇ ತೆರೆದ.

ಮಧ್ಯಾಹ್ನ ಅಪ್ಪನಿಗೆ ಬಿ.ಪಿ. ತೋರಿಸಲು ಪಕ್ಕದ ಆಸ್ಪತ್ರೆಗೆ ಹೋದೆವು. ಎಲ್ಲ ಸರಿ ಇದೆ. ಚಪ್ಪಲಿ, ಕಂಬಳಿ ತೆಗೆಸಿ ತೂಕ ನೋಡಿದರು. ಐವತ್ತೆಂಟು ಕೆ.ಜಿ. ಅಪ್ಪ ನರ್ಸನ್ನು ಎರಡು ಸಲ ಕೇಳಿದ, ಬರೋಬ್ಬರಿ ಐತೇನು ಎಂದು. ಜೀವಮಾನವಿಡೀ ಕುರಿ ಸಾಕಿದವನು, ಆದರೂ ತೂಕದ ವಿಷಯದಲ್ಲಿ ತನ್ನ ಮೇಲೆ ತನಗೇ ನಂಬಿಕೆ ಇಲ್ಲ. 'ನನ್ನ ಕೈಗೆ ತೂಕ ತಿಳಿಯೂದಿಲ್ಲ' ಎಂಬುದು ಅವನ ಹಳೆಯ ಮಾತು.

ಸಂಜೆ ಸಿದ್ದಾರೂಢನ ಮೆಸೇಜ್. ಕಾರು ಮುದ್ದೇಬಿಹಾಳದಲ್ಲೇ ಇದೆ, ಬಂದು ನೋಡಿ ಎಂದು. ಸಿದ್ದಾರೂಢ ಎಂದರೆ ನಾವು ಮೊದಲಿದ್ದ ಮುದ್ದೇಬಿಹಾಳ ಕಡೆಯ ಬಸಂತರಾಯ ಸಾಹುಕಾರರ ಮಗ. ಪುಣೆಯಲ್ಲಿದ್ದಾಗ ಕೊಂಡ ಜರ್ಮನ್ ಸ್ಪೋರ್ಟ್ಸ್ ಕಾರು. ಕಡುನೀಲಿ. ಎರಡೇ ಸೀಟು. ಈಗ ಮಗು ಹುಟ್ಟಿದೆ, ಅದಕ್ಕೆ ಮಾರುತ್ತಿದ್ದಾನೆ.

ಬೇಕು. ಇಲ್ಲಿ ಓದುವವರು ಯಾರೂ ಇಲ್ಲವಲ್ಲ, ಬರೆದುಬಿಡುತ್ತೇನೆ. ನನಗೆ ಆ ಕಾರು ಬೇಕು.

ಜನವರಿ 6, ಮಂಗಳವಾರ

ಸುದ್ದಿ ಹೊರಗೆ ಬಿತ್ತು. ಕ್ಲಿನಿಕ್ಕಿನ ರಿಸೆಪ್ಷನ್ ರೇಣುಕಾಳಿಗೆ ಹೇಳಿದ್ದೇ ತಪ್ಪು. ಬೆಳಿಗ್ಗೆಯಿಂದ ಪೇಷಂಟುಗಳು ಹಲ್ಲಿಗಿಂತ ಮೊದಲು ಕಾರು ಕೇಳುತ್ತಿದ್ದಾರೆ. ನಮ್ಮ ಇಂಡಿ ಊರಿನ ರಸ್ತೆಯಲ್ಲಿ ಅದು ಓಡುತ್ತದಾ, ಹಂಪ್ ಬಂದರೆ ಹೊಟ್ಟೆ ತಾಗುವುದಿಲ್ಲವಾ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಏನು ಮಾಡುತ್ತೀರಿ. ಹಾರ್ನ್ ಹೊಡೆಯುತ್ತೇನೆ ಎಂದೆ.

ಅವ್ವನದು ಬೇರೆ ಚಿಂತೆ. ಎರಡೇ ಸೀಟು ಎಂದರೆ ಮೂರನೆಯವರು ಎಲ್ಲಿ ಕೂರಬೇಕು? ಮನೆಯಲ್ಲಿ ಇರುವವರೇ ಮೂವರು, ಇಬ್ಬಿಬ್ಬರಾಗಿ ಹೋಗೋಣ ಎಂದೆ. ಅವಳು ಕೇಳಿದ್ದು ಅದಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನನಗೆ ಮೂವತ್ತೊಂಬತ್ತು ಆಯಿತು, ಮದುವೆಯಾಗಿಲ್ಲ. ಇಷ್ಟು ದಿನ ಐದು ಸೀಟಿನ ಕಾರಿನಲ್ಲಿ ಒಬ್ಬಳೇ ಓಡಾಡಿದೆ, ಆಗ ಯಾರೂ ಸೀಟು ಎಣಿಸಲಿಲ್ಲ.

ಯಾಕೆ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಹೇಳಿದರೆ ನಗುತ್ತಾರೆ. ಸಾಲಿಗೆ ಸೂಟಿ ಬಿಟ್ಟರೆ ಅಪ್ಪನ ಜೊತೆ ಕುರಿ ಹಿಂದೆ ನಡೆಯುತ್ತಿದ್ದೆ. ಕುರಿ ಎಷ್ಟು ನಡೆದರೆ ಅಷ್ಟು. ಹಿಂದಿನಿಂದ ಸಾಹುಕಾರರ ಬಿಳಿ ಅಂಬಾಸಿಡರ್ ಬರುತ್ತಿತ್ತು, ಹಾರ್ನ್ ಹೊಡೆಯುತ್ತ. ಕುರಿ ಚೆದುರುತ್ತಿದ್ದವು. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ಬದಿಗೆ ನಿಲ್ಲುತ್ತಿದ್ದ, ನಾವಿಬ್ಬರೂ ಧೂಳು ಕುಡಿಯುತ್ತಿದ್ದೆವು. ನಿಧಾನವಾಗಿ ನಡೆದದ್ದು ಸಾಕು. ಅಷ್ಟೇ ಕಾರಣ.

ಜನವರಿ 8, ಗುರುವಾರ

ಪೇಷಂಟ್ ಇಲ್ಲದಾಗೆಲ್ಲ ಕಾರಿನ ಸರ್ವಿಸ್ ಪುಸ್ತಕ ಓದಿದೆ. ಇಂಜಿನ್ ಚೆನ್ನಾಗಿದೆಯೋ ಇಲ್ಲವೋ ಕಿವಿಗೆ ತಿಳಿಯುತ್ತದೆ. ಬ್ರೇಕ್ ಹಾಗಲ್ಲ. ಇಂಥ ಕಾರು ಕೊಳ್ಳುವವರು ಮೋಸ ಹೋಗುವುದೇ ಅಲ್ಲಿ.

ಸಾದಾ ಕಾರಿನ ಬ್ರೇಕ್ ಡಿಸ್ಕ್ ಕಬ್ಬಿಣದ್ದು. ಸವೆದರೆ ಅಂಚಿನಲ್ಲಿ ಏಣು ಏಳುತ್ತದೆ, ಉಗುರಿಗೆ ಸಿಗುತ್ತದೆ. ಈ ಕಾರಿನದು ಸೆರಾಮಿಕ್. ಅದು ಸವೆದರೂ ಹೊಸದರಂತೆಯೇ ಕಾಣುತ್ತದೆ, ದಪ್ಪವೂ ಅಷ್ಟೇ ಇರುತ್ತದೆ. ಆದರೆ ರೇಸಿಗೆ ಬಿಟ್ಟು ಮತ್ತೆ ಮತ್ತೆ ಬಿಗಿಯಾಗಿ ಹಿಡಿದರೆ ಒಳಗಿನ ಇಂಗಾಲ ಸುಟ್ಟು ಡಿಸ್ಕ್ ಹಗುರಾಗುತ್ತ ಹೋಗುತ್ತದೆ. ತಿಳಿಯಲು ಒಂದೇ ದಾರಿ — ಗಾಲಿ ಬಿಚ್ಚಿ, ಡಿಸ್ಕ್ ಹೊರಗೆ ತೆಗೆದು, ತೂಗುವುದು. ಕನಿಷ್ಠ ಎಷ್ಟು ತೂಕ ಇರಬೇಕು ಎಂದು ಡಿಸ್ಕಿನ ನಡುವೆ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಎಸೆಯಬೇಕು. ನಾಲ್ಕನ್ನೂ ಬದಲಿಸುವ ಖರ್ಚಿನಲ್ಲಿ ಸಾದಾ ಕಾರು ಒಂದು ಬರುತ್ತದೆ.

ಹಲ್ಲೂ ಹೀಗೇ. ಮೇಲೆ ಬೆಳ್ಳಗೆ, ಎಕ್ಸ್‌ರೇ ತೆಗೆದರೆ ಒಳಗೆ ಟೊಳ್ಳು. ತೂಗದೆ ಕೊಳ್ಳುವುದಿಲ್ಲ ಎಂದು ನಿರ್ಧರಿಸಿದೆ.

ಜನವರಿ 11, ಭಾನುವಾರ

ಅಪ್ಪನನ್ನು ಕರೆದುಕೊಂಡು ಹೋಗಬಾರದಿತ್ತು. ಬಿಟ್ಟು ಹೋಗಲೂ ಆಗುತ್ತಿರಲಿಲ್ಲ. ಬೆಳಿಗ್ಗೆಯೇ ಹೊಸ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಸಾಹುಕಾರರ ಮನೆಯ ಕಾರು ತನ್ನ ಮಗಳಿಗೆ ಬರುತ್ತದೆ ಎಂದು ಸಿಂದಗಿ ದಾಟುವತನಕ ಅದೇ ಮಾತು, ಬೇರೆ ಬೇರೆ ರೀತಿಯಲ್ಲಿ.

ಬಸಂತರಾಯರದು ಅಡತಿ ಅಂಗಡಿ. ರೈತರಿಂದ ತೊಗರಿ, ಉಣ್ಣೆ, ಹತ್ತಿ ತೂಗಿ ಕೊಳ್ಳುವುದು. ಹಿಂದೆ ದೊಡ್ಡ ಗೋದಾಮು, ಅದರ ಪಕ್ಕ ಮನೆ. ಅಪ್ಪ ಹೊಸ್ತಿಲ ಆಚೆಯೇ ಚಪ್ಪಲಿ ಬಿಟ್ಟ. ನನಗೆ ಕುರ್ಚಿ ತಂದರು. ಅಪ್ಪನಿಗೆ ಒಂದು ಖಾಲಿ ಗೋಣಿಚೀಲ ತೋರಿಸಿದರು. ನಾನು ಕೂರಲಿಲ್ಲ. 'ಡಾಕ್ಟರ್‌ಬಾಯಿ ನಿಂತಾರಲ್ಲೋ ಸಿದ್ಯಾ' ಎಂದು ಬಸಂತರಾಯ ಅಪ್ಪನಿಗೆ ಹೇಳಿದ, ನಾನು ನಿಂತದ್ದು ಅಪ್ಪನ ತಪ್ಪು ಎಂಬಂತೆ. ಅಪ್ಪನಿಗೆ ಅರವತ್ತೆಂಟು. ಬಸಂತರಾಯನಿಗೆ ಅಪ್ಪನಿಗಿಂತ ನಾಲ್ಕು ವರ್ಷ ಕಡಿಮೆ. (ಬಹುವಚನ ಬಿಟ್ಟೆ. ಬಿಟ್ಟದ್ದೇ. ದಿನಚರಿಯಲ್ಲಿ ನನ್ನನ್ನು ಬೈಯುವವರಿಲ್ಲ.)

ತಾಳಿಕೋಟೆ ರಸ್ತೆಯಲ್ಲಿ ಓಡಿಸಿದೆ. ಸಿದ್ದಾರೂಢ ಪಕ್ಕದಲ್ಲಿ. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿತು. ಎರಡೂ ಕಡೆ ತೊಗರಿ ಹೊಲ ಸರಸರ ಹಿಂದೆ ಹೋಯಿತು. ಜೋರಾಗಿ ನಕ್ಕೆನೆಂದು ಕಾಣುತ್ತದೆ, ಸಿದ್ದಾರೂಢನೂ ನಕ್ಕ. ಖಾಲಿ ರಸ್ತೆ ನೋಡಿ ಬಿಗಿಯಾಗಿ ಬ್ರೇಕ್ ಹಾಕಿದೆ. ನೇರ ನಿಂತಿತು. ಪೆಡಲ್ ನಡುಗಲಿಲ್ಲ, ಯಾವ ಕಡೆಗೂ ಎಳೆಯಲಿಲ್ಲ. ರೇಸಿಗೆ ಎಂದಾದರೂ ಬಿಟ್ಟಿದ್ದೀರಾ ಎಂದು ಕೇಳಿದೆ. ಇಲ್ಲ ಎಂದ. ಎಲ್ಲ ಮಾರುವವರೂ ಇಲ್ಲ ಎನ್ನುತ್ತಾರೆ.

ವಾಪಸ್ ಬಂದು ಮೊಣಕಾಲೂರಿ ಗಾಲಿಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಡಿಸ್ಕ್ ಫಳಫಳ. ಎದ್ದು, ಡಿಸ್ಕ್ ತೆಗೆಸಿ ತೂಗಿಸಬೇಕು ಎಂದು ಹೇಳಲು ಬಾಯಿ ತೆರೆಯುತ್ತೇನೆ — ಬಾನೆಟ್ ಮೇಲೆ ಹಳದಿ.

ಅಪ್ಪ. ಸೊಂಟದ ಚೀಲದಿಂದ ಭಂಡಾರ ತೆಗೆದು ಮುಷ್ಟಿ ತುಂಬ ಎರಚಿಬಿಟ್ಟಿದ್ದ. ನಮ್ಮ ಕುಲದೇವರು ಬೀರಪ್ಪನ ಭಂಡಾರ, ಅರಿಶಿನದ ಪುಡಿ. ಮನೆಯಿಂದಲೇ ತಂದ ಕಾಯಿಯನ್ನೂ ಒಡೆದ. ಕಣ್ಣಲ್ಲಿ ನೀರು. ನಮ್ಮವರಲ್ಲಿ ಭಂಡಾರ ಬಿದ್ದ ವಸ್ತು ಬೀರಪ್ಪನ ಲೆಕ್ಕಕ್ಕೆ ಸೇರಿತು. ಅದನ್ನು ನಮಗೆ ಕೊಟ್ಟವನು ಅವನು. ಬೇಡ ಎನ್ನುವಂತಿಲ್ಲ.

"ಆತಲ್ಲೋ ಸಿದ್ಯಾ, ಇನ್ನ ಕಾರು ನಿಂದ," ಎಂದು ಬಸಂತರಾಯ ನಕ್ಕ. ಇನ್ನು ಪರೀಕ್ಷೆಯ ಮಾತು ಎತ್ತುವ ಹಾಗಿಲ್ಲ ಎಂದು ಆ ನಗುವಿನಲ್ಲೇ ಇತ್ತು.

ಬಸವನಬಾಗೇವಾಡಿಯ ತನಕ ಅಪ್ಪನ ಜೊತೆ ಮಾತಾಡಲಿಲ್ಲ. ಅಲ್ಲಿ ಚಹಾಕ್ಕೆ ನಿಲ್ಲಿಸಿ ಹೇಳಿದೆ, ಬ್ರೇಕ್ ತೂಗದೆ ನಾನು ತೆಗೆದುಕೊಳ್ಳುವುದಿಲ್ಲ ಎಂದು. ಅಪ್ಪ ಚಹಾ ಕೆಳಗಿಟ್ಟ.

"ಭಂಡಾರ ಬಿದ್ದಮ್ಯಾಲ ಮಾತ ಬಿದ್ದಂಗ ಯವ್ವಾ. ಸಾಹುಕಾರ್ರ ಮನಿ ಸರಕಿಗಿ ತಕ್ಕಡಿ ಹಚ್ಚತೀಯೇನು?"

ಹೌದು, ಹಚ್ಚುತ್ತೇನೆ ಎಂದೆ.

ಜನವರಿ 12, ಸೋಮವಾರ

ಮನೆಯಲ್ಲಿ ಮೂರು ಕಡೆ ಮೂರು ಮುಖ.

ಅವ್ವ ರೊಟ್ಟಿ ಬಡಿಯುತ್ತ ಹಳೆಯ ರಾಮಾಯಣ ತೆಗೆದಳು. ಅವಳಿಗೆ ಅಪ್ಪನನ್ನು ಚುಚ್ಚಲು ತೂಕದ ಮಾತೊಂದೇ ಸಾಕು. ನಮ್ಮ ಕುರಿಯ ಉಣ್ಣೆ ಯಾವತ್ತೂ ಬಸಂತರಾಯನ ಅಂಗಡಿಗೇ ಹೋಗುತ್ತಿತ್ತು. ಮನೆಯಲ್ಲಿ ಚೀಲ ಕಟ್ಟುವಾಗ ಅಪ್ಪ ಕೈಯಲ್ಲಿ ಎತ್ತಿ ಇಷ್ಟು ಇದೆ ಎನ್ನುತ್ತಿದ್ದ. ಅಂಗಡಿಯಿಂದ ತರುವ ಹಣ ಅಷ್ಟಕ್ಕೆ ಎಂದೂ ಸರಿಹೋಗುತ್ತಿರಲಿಲ್ಲ. ನಡುವೆ ಇದ್ದದ್ದು ಸೆರೆಯಂಗಡಿ. ಅಲ್ಲೇ ಕುಡಿದು ಬರುತ್ತಾನೆ ಎಂದು ಅವ್ವ. ಕುಡಿದಿಲ್ಲ ಎಂದು ಅಪ್ಪ. ಒಂದು ಸಲ ಭಂಡಾರ ಮುಟ್ಟಿ ಆಣೆ ಮಾಡಿದ. ಅವ್ವ ಆಗಲೂ ನಂಬದೆ ಅವನನ್ನು ಹೊರಗೆ ಹಾಕಿದಳು, ಅವನು ಹಟ್ಟಿಯಲ್ಲಿ ಕುರಿಗಳ ಜೊತೆ ಮಲಗಿದ. ನನಗೆ ಒಂಬತ್ತೋ ಹತ್ತೋ. ಅವನಿಗೆ ರೊಟ್ಟಿ ಕೊಂಡೊಯ್ದವಳು ನಾನೇ.

ಆಮೇಲೆ ಅಪ್ಪ ಜಗಳ ತೀರಿಸಲು ಒಂದು ದಾರಿ ಕಂಡುಕೊಂಡ. ತನ್ನ ಕೈಗೆ ತೂಕ ತಿಳಿಯುವುದಿಲ್ಲ ಎಂದು ಒಪ್ಪಿಬಿಟ್ಟ. ಎತ್ತಿ ನೋಡುವುದನ್ನೇ ಬಿಟ್ಟ. ಸಂತೆಯಲ್ಲಿ ಮರಿ ಕೊಳ್ಳುವಾಗಲೂ ಇನ್ನೊಬ್ಬರ ಕೈಗೆ ಕೊಟ್ಟು ಕೇಳುತ್ತಿದ್ದ.

ಇವತ್ತೂ ಅವ್ವ ಮುಗಿಸಿದ್ದು ಹಾಗೇ, ಉಣ್ಣೆ ಕುಡಿದವನಿಗೆ ತಕ್ಕಡಿಯ ಮಾತು ಯಾಕೆ ಎಂದು. ಅಪ್ಪ ಎದ್ದು ಹೊರಗೆ ಹೋದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಜನವರಿ 13, ಮಂಗಳವಾರ

ಸಿದ್ದಾರೂಢನಿಗೆ ಫೋನ್ ಮಾಡಿದೆ. ತೂಗಿರಿ, ನನಗೇನೂ ಹೆದರಿಕೆ ಇಲ್ಲ ಎಂದ. ಆದರೆ ಫೋನ್ ಅವನ ಅಪ್ಪನ ಕೈಗೆ ಹೋಯಿತು. ಬಸಂತರಾಯ ಕೂಗಲಿಲ್ಲ, ಮೆತ್ತಗೆ ಹೇಳಿದ.

"ಡಾಕ್ಟರ್‌ಬಾಯಿ, ಮೂರ ತಲಿ ಆತು, ನಮ್ಮ ಅಂಗಡ್ಯಾಗ ಮಾತ ತಕ್ಕಡಿ. ನಿಮ್ಮಪ್ಪನ್ನ ಕೇಳ್ರಿ."

ನಮ್ಮಪ್ಪನನ್ನು ಕೇಳಿ ಸಾಕಾಗಿದೆ, ಈಗ ಬ್ರೇಕನ್ನು ಕೇಳುತ್ತೇನೆ ಎಂದೆ. ಶನಿವಾರ ಬರುತ್ತೇನೆ, ತೂಗಲು ಬಿಡದಿದ್ದರೆ ಕಾರು ನಿಮಗೇ ಇರಲಿ. ದನಿ ನಡುಗಲಿಲ್ಲ ಎಂದುಕೊಂಡಿದ್ದೇನೆ.

ಬಾಗೇವಾಡಿಯ ಅಬ್ದುಲರಜಾಕ ಬರಲು ಒಪ್ಪಿದ. ಪುಣೆಯ ದೊಡ್ಡ ಗ್ಯಾರೇಜಿನಲ್ಲಿ ಇಂಥ ಕಾರುಗಳ ಕೆಲಸ ಮಾಡಿ ಬಂದವನು. ಪುಣೆಯಲ್ಲೂ ಬ್ರೇಕ್ ತೂಗಿಸಿ ಕೊಳ್ಳುವವರು ಕಡಿಮೆ, ಕಣ್ಣಲ್ಲೇ ನೋಡಿ ಬಿಡುತ್ತಾರೆ ಎಂದ. ಅವರ ಹಣ, ಅವರ ಜೀವ. ನನ್ನ ಪಕ್ಕದ ಸೀಟಿನಲ್ಲಿ ಅಪ್ಪ ಕೂರುವವನು.

ಜನವರಿ 17, ಶನಿವಾರ

ಸಂಕ್ರಾಂತಿ ಆಗಿ ಮೂರು ದಿನ, ಅಪ್ಪ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯನ್ನೂ ಮಾತಿಲ್ಲದೆ ತಿಂದಿದ್ದ. ಬರುವುದಿಲ್ಲ ಎಂದಿದ್ದವನು ಬೆಳಿಗ್ಗೆ ಕಾರಿನಲ್ಲಿ ಕೂತಿದ್ದ. ನಾನು ಸಾಹುಕಾರರ ಎದುರು ಬಾಯಿ ಬಿಟ್ಟರೆ ತಡೆಯಲು ಒಬ್ಬರು ಬೇಕಂತೆ.

ಎಲ್ಲವನ್ನೂ ಬರೆದಿಡಬೇಕು. ಒಂದೂ ಬಿಡಬಾರದು.

ಗೋದಾಮಿನಲ್ಲಿ ತೊಗರಿ ಬರುವ ಕಾಲ. ಚೀಲಗಳ ಮೇಲೆ ರೈತರು ಕೂತಿದ್ದರು, ಒಂದು ಹತ್ತು ಹನ್ನೆರಡು ಜನ ಇದ್ದಾರು. ನಡುವೆ ಎಲೆಕ್ಟ್ರಾನಿಕ್ ತಕ್ಕಡಿ, ನೆಲಕ್ಕೆ ಹೊಂದಿದ ಕಬ್ಬಿಣದ ಹಲಗೆ, ಕಂಬದ ಮೇಲೆ ಕೆಂಪು ಅಂಕಿ. ಸಿದ್ದಾರೂಢ ಕಾರು ಒಳಗೆ ತಂದ. ಅಬ್ದುಲರಜಾಕ ಜಾಕ್ ಕೊಟ್ಟು ಗಾಲಿ ಬಿಚ್ಚಿದ. ಬಸಂತರಾಯ ಗಾದಿಯ ಮೇಲೆ ಕೂತು, ಕುರುಬರ ಮಗಳು ಬ್ರೇಕ್ ತೂಗುವುದನ್ನು ನೋಡಲು ರೈತರನ್ನೂ ಕರೆದ. ನಗು. ನಿಂಬೆಹಣ್ಣು ತೂಗಿದ ಹಾಗೆ ಎಂದು ಯಾರೋ ಅಂದರು. ಅಪ್ಪ ಬರಿಗಾಲಲ್ಲಿ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನೋಡದಿರಲು ಬಹಳ ಕಷ್ಟಪಟ್ಟೆ.

ಮುಂದಿನ ಎಡದ ಡಿಸ್ಕ್ ಹೊರಬಂತು. ಒರೆಸಿದೆವು. ಅಚ್ಚು ಓದಿದೆ: ಕನಿಷ್ಠ 5.7. ಹಲಗೆಯ ಮೇಲೆ ಇಟ್ಟೆವು.

5.51.

ಸಿದ್ದಾರೂಢನ ಮುಖ ಇಳಿಯಿತು. ಬಲದ್ದು ತೆಗೆಸಿದೆ. ಅದೂ ಕಡಿಮೆ. ಹಿಂದಿನ ಎರಡು. ಅವೂ ಕಡಿಮೆ. ನಗುವವರು ನಗು ನಿಲ್ಲಿಸಿದ್ದರು. ಸುಮ್ಮನೆ ವಾಪಸ್ ಬರಬಹುದಿತ್ತು. ನನ್ನಿಂದ ಆಗಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಇಂಥಾ ಬ್ರೇಕ್ ಇಟ್ಕೊಂಡು ನಮ್ಮಪ್ಪನ ಕಡಿಂದ ಭಂಡಾರ ಹಾಕಿಸಿಕೊಂಡ್ರಲ್ಲರಿ. ನಾಲ್ಕೂ ಎಸಿಯೂ ಸರಕು."

ಬಸಂತರಾಯ ಗಾದಿಯಿಂದ ಎದ್ದುಬಂದ. ಮಗನ ಕಾರಿಗೆ, ತನ್ನ ಸರಕಿಗೆ, ತನ್ನದೇ ಗೋದಾಮಿನಲ್ಲಿ, ರೈತರ ಎದುರು ಖೋಟಾ ಎಂದದ್ದು ತಡೆಯಲಾಗಲಿಲ್ಲ. ಮುಖ ಕೆಂಪಾಗಿತ್ತು.

"ಬ್ರೇಕಿಗಿ ಏನೂ ಆಗಿಲ್ಲ. ತಕ್ಕಡಿ ಒಂದೀಟ ಕಡಿಮಿ ತೋರಸ್ತೈತಿ, ಅಷ್ಟ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಿಳಿಯಿತು, ಏನು ಹೇಳಿದೆ ಎಂದು. ಚೀಲದ ಮೇಲೆ ಕೂತಿದ್ದ ರೈತ ಒಬ್ಬ ಮೆಲ್ಲಗೆ ಎದ್ದು ನಿಂತ. ಅವನ ತೊಗರಿ ಆಗಷ್ಟೇ ತೂಗಿ ಆಗಿತ್ತು.

ಅಪ್ಪ ಹೊರಗೆ ನಡೆದ. ಮರ್ಯಾದೆ ಹೋಯಿತೆಂದು ಹೊರಟುಬಿಟ್ಟ ಎಂದುಕೊಂಡೆ. ಹೊಸ್ತಿಲ ಆಚೆ ಬಗ್ಗಿ ಚಪ್ಪಲಿ ಹಾಕಿಕೊಂಡ. ಹಾಕಿಕೊಂಡು ಒಳಗೆ ಬಂದ. ಚಪ್ಪಲಿಗಾಲಲ್ಲಿ ಆ ನೆಲ ತುಳಿದದ್ದು ಅದೇ ಮೊದಲು. ನನ್ನನ್ನು ದಾಟಿ, ಬಸಂತರಾಯನನ್ನು ದಾಟಿ, ತಕ್ಕಡಿ ಹತ್ತಿ ನಿಂತ. ಕೆಂಪು ಅಂಕಿ ಓಡಿ ನಿಂತಿತು. ಅಪ್ಪನಿಗೆ ಓದಲು ಬರುತ್ತದೆ, ಅಂಕಿ ಮಾತ್ರ. ಆದರೂ ನನ್ನನ್ನೇ ಕೇಳಿದ.

ಐವತ್ತಾರು ಎಂದೆ.

"ಮೊನ್ನೆ ದವಾಖಾನ್ಯಾಗ ಬರಿಗಾಲಿಲೆ ಐವತ್ತೆಂಟ ಇದ್ನಿ. ಈಗ ಕಾಲ್ಮರಿ ಹಾಕ್ಕೊಂಡು, ಕಂಬಳಿ ಹೊತ್ತು ಐವತ್ತಾರು." ಅಪ್ಪ ತಕ್ಕಡಿಯ ಮೇಲಿಂದಲೇ ಬಸಂತರಾಯನ ಕಡೆ ತಿರುಗಿದ. ತಲೆ ತಗ್ಗಿಸಿರಲಿಲ್ಲ. "ನಾನೂ ಸವದೇನಿ ಏನ್ರಿ, ಸಾಹುಕಾರ್ರ?"

ಎದ್ದು ನಿಂತಿದ್ದ ರೈತ ತನ್ನ ಚೀಲಗಳನ್ನು ಬೇರೆ ಕಡೆ ತೂಗಿಸುತ್ತೇನೆ ಎಂದ. ಇನ್ನೊಬ್ಬ ಅವನ ಜೊತೆ ಎದ್ದ.

ಬರುವಾಗ ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಬಾಗೇವಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ, ಇಳಿಯಲಿಲ್ಲ. ತನ್ನ ಎರಡೂ ಕೈಯನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡು ನೋಡುತ್ತಿದ್ದ.

ಜನವರಿ 18, ಭಾನುವಾರ

ಅವ್ವನಿಗೆ ನಾನೇ ಹೇಳಿದೆ. ಅಪ್ಪ ಹೇಳುವುದಿಲ್ಲ. ಕೇಳುತ್ತಿದ್ದ ಅಪ್ಪ ನಡುವೆ ಬಾಯಿ ಹಾಕಿದ, ಆಗ ಉಣ್ಣೆ ತೂಗಿದ್ದು ಈ ತಕ್ಕಡಿಯಲ್ಲಿ ಅಲ್ಲ, ಆಗಿನದು ಕಲ್ಲಿನ ತಕ್ಕಡಿ ಎಂದು. ಇನ್ನೂ ಸಾಹುಕಾರನ ಪರ ಒಂದು ಬಾಗಿಲು ತೆರೆದಿಟ್ಟಿದ್ದ. ಅವ್ವ ಮುಚ್ಚಿದಳು.

"ತಕ್ಕಡಿ ಬ್ಯಾರೆ ಇದ್ದೀತು. ಕೈ ಅವರದ ಅಲ್ಲೇನು?"

ಆಮೇಲೆ ಅವ್ವ ಹೇಳಿದಳು, ಭಂಡಾರ ಮುಟ್ಟಿದಾಗಲೂ ನಾ ನಿನ್ನ ನಂಬಲಿಲ್ಲ ಎಂದು. ಅಷ್ಟೇ ಹೇಳಿದ್ದು. ಊಟಕ್ಕೆ ಅಪ್ಪನ ತಟ್ಟೆಗೆ ಕೇಳದೆಯೇ ತುಪ್ಪ ಹಾಕಿದಳು, ಅವನು ಸಾಕು ಎಂದರೂ ಹಾಕಿದಳು. ನನಗೆ ಅಳು ಬಂತು. ಹಿತ್ತಿಲಿಗೆ ಹೋಗಿ ಅತ್ತು ಬಂದೆ.

ನಾಲ್ಕು ಡಿಸ್ಕೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಮುಂದಿನವು ಹೆಚ್ಚು ಸವೆಯಬೇಕು. ಅಷ್ಟು ಓದಿದ್ದೆ. ಸಿಟ್ಟು ಬಂದವಳಿಗೆ ಲೆಕ್ಕ ಬರುವುದಿಲ್ಲ.

ಜನವರಿ 21, ಬುಧವಾರ

ಸಿದ್ದಾರೂಢ ಕ್ಲಿನಿಕ್ಕಿಗೆ ಬಂದ. ಗೋಣಿಚೀಲದಲ್ಲಿ ನಾಲ್ಕು ಡಿಸ್ಕ್. ಅವನಿಗೂ ತಿಳಿಯಬೇಕಿತ್ತಂತೆ, ಸುಳ್ಳು ಬ್ರೇಕಿನದೋ ತನ್ನ ಅಪ್ಪನದೋ ಎಂದು. ಇಂಡಿಯ ನಿಂಬೆ ಮಾರ್ಕೆಟ್ಟಿನಲ್ಲಿ ಒಂದು ತಕ್ಕಡಿಯಲ್ಲಿ ತೂಗಿದೆವು, ನನ್ನ ಹಟಕ್ಕೆ ಇನ್ನೊಂದರಲ್ಲೂ ತೂಗಿದೆವು. ಮುಂದಿನದು 5.8. ನಾಲ್ಕೂ ಅಚ್ಚಿಗಿಂತ ಮೇಲೆ. ಬ್ರೇಕ್ ಚೆನ್ನಾಗಿದೆ. ಅವನು ರೇಸಿಗೆ ಬಿಟ್ಟಿಲ್ಲ ಎಂದದ್ದು ನಿಜ. ಗೋದಾಮಿನಲ್ಲಿ ಅಂದದ್ದಕ್ಕೆ ಕ್ಷಮೆ ಕೇಳಿದೆ, ಅವನಿಗೆ ಮಾತ್ರ.

ಕಾರು ನನಗೇ ಕೊಡುವ ಮನಸ್ಸು ಅವನದು. ಆದರೆ ಅವನ ಅಪ್ಪ ಒಂದು ಮಾತು ಕಳಿಸಿದ್ದ. ತಕ್ಕಡಿಯ ವಿಷಯ ಇಲ್ಲಿಗೇ ಬಿಟ್ಟರೆ ಕಾರು ಸಿಗುತ್ತದೆ, ಮಾತಾದ ಬೆಲೆಗಿಂತ ಕಡಿಮೆಗೆ. ಬಿಡದಿದ್ದರೆ ಬೇರೆಯವರಿಗೆ.

ಸೋಮವಾರವೇ ತೂಕ-ಅಳತೆ ಆಫೀಸಿಗೆ ಕಂಪ್ಲೇಂಟ್ ಹೋಗಿದೆ ಎಂದು ಹೇಳಿದೆ. ಹೆಬ್ಬೆಟ್ಟು ನಮ್ಮಪ್ಪನದು, ಸಾಕ್ಷಿ ಆ ಇಬ್ಬರು ರೈತರು. ಸಿದ್ದಾರೂಢ ತಲೆ ಆಡಿಸಿ ಡಿಸ್ಕ್ ಚೀಲಕ್ಕೆ ತುಂಬಿದ. ಚೀಲ ಅವನ ಕೈಯಲ್ಲಿ ಹೊರಗೆ ಹೋಗುವುದನ್ನು ನೋಡಿದೆ. ಆ ಕಾರು ಇನ್ನೂ ಬೇಕು. ಮೊದಲಿಗಿಂತ ಹೆಚ್ಚು ಬೇಕು. ಆದರೂ ಇಲ್ಲ.

ಜನವರಿ 29, ಗುರುವಾರ

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಹಲ್ಲು ಕಿತ್ತೆ, ಹಲ್ಲು ಕಟ್ಟಿದೆ. ರೇಣುಕಾ ಕಾರಿನ ಮಾತು ಎತ್ತುವುದಿಲ್ಲ. ಮೊದಲ ಬಾರಿಗೆ ಪೇಷಂಟುಗಳೂ ಎತ್ತುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ಇವತ್ತು ಅಬ್ದುಲರಜಾಕ ಫೋನ್ ಮಾಡಿ ನಗುತ್ತಲೇ ಇದ್ದ. ಚಡಚಣದ ದ್ರಾಕ್ಷಿ ವ್ಯಾಪಾರಿಯೊಬ್ಬ ಕಾರು ನೋಡಲು ಹೋಗಿದ್ದನಂತೆ. ಎಲ್ಲ ಒಪ್ಪಿಗೆ. ಆದರೆ ಬಾನೆಟ್ಟಿನ ಸಂದಿಯಲ್ಲಿ ಹಳದಿ ಕಂಡು ಇದೇನು ಎಂದು ಕೇಳಿದ. ಬೀರಪ್ಪನ ಭಂಡಾರ ಎಂದು ಹಮಾಲನೊಬ್ಬ ಹೇಳಿಬಿಟ್ಟ. ದೇವರಿಗೆ ಸೇರಿದ್ದನ್ನು ನನಗೆ ಕಟ್ಟುತ್ತೀರಾ ಎಂದು ಆತ ಹೋಗಿಯೇ ಬಿಟ್ಟ. ತೊಳೆಯಿರಿ ಎಂದು ಬಸಂತರಾಯ ಕೂಗಿದನಂತೆ. ತೊಳೆಯಲು ಯಾರೂ ಮುಂದೆ ಬರಲಿಲ್ಲ. ಬಂದವನೊಬ್ಬನ ಕೈಯಿಂದ ಬಸಂತರಾಯನ ತಾಯಿ ಶಂಕ್ರೆವ್ವ ಕೊಡ ಕಿತ್ತುಕೊಂಡಳು.

ಅಪ್ಪನಿಗೆ ಹೇಳಿದೆ. ನಗಲಿಲ್ಲ. ಹಾಕಿದ್ದು ಸುಳ್ಳಾಗುವುದಿಲ್ಲ ಎಂದು ತನಗೆ ಗೊತ್ತಿತ್ತಂತೆ. ಎಲ್ಲಿ ಗೊತ್ತಿತ್ತು!

ಫೆಬ್ರವರಿ 3, ಮಂಗಳವಾರ

ಹನ್ನೊಂದು ಗಂಟೆ. ರೇಣುಕಾ ಓಡಿಬಂದು ಹೇಳಿದಳು, ಮುದ್ದೇಬಿಹಾಳದ ಆಯಿ ಒಬ್ಬರು ಬಂದಿದ್ದಾರೆ ಎಂದು. ಶಂಕ್ರೆವ್ವ. ಎಂಬತ್ತು ದಾಟಿದ ಜೀವ, ತಾನೇ ನಡೆದು ಬಂದು ಚೇರಿನ ಮೇಲೆ ಕೂತು ಬಾಯಿ ತೆರೆದಳು. ಕೆಳಗಿನ ಸಾಲಿನಲ್ಲಿ ನಿಜವಾಗಿಯೂ ಒಂದು ಹಲ್ಲು ಅಲ್ಲಾಡುತ್ತಿತ್ತು. ನೋಡಿದೆ. ಬಾಯಿ ತೊಳೆದುಕೊಂಡ ಮೇಲೆ ಮಾತು ತೆಗೆದಳು.

"ನಿಮ್ಮಪ್ಪನ ಭಂಡಾರ ನನ್ನ ಅಂಗಳದಾಗ ಕುಂತೈತಿ. ಬೀರಪ್ಪಗ ಹೋದದ್ದು ನಮ್ಮನಿಯಾಗ ಇರಬಾರದು. ಕಾರು ನನ್ನ ಮೊಮ್ಮಗನ ಹೆಸರಿಲೆ ಐತಿ, ಅವ ತಂದ ಬಿಡ್ತಾನ. ಮಾತಾದ ರೊಕ್ಕ ಕೊಡು."

ಕಂಪ್ಲೇಂಟ್ ವಾಪಸ್ ತೆಗೆಯುವುದಿಲ್ಲ ಆಯಿ, ಎಂದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಾನು ಹಲ್ಲಿಗೆ ಬಂದವಳು, ಹಲ್ಲಿನ ಮಾತಾಡು ಎಂದಳು. ಕಿತ್ತೆ. ಚೇರಿನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಕೂಗಲಿಲ್ಲ. ಫೀಸ್ ಬೇಡ ಎಂದರೂ ಕೊಟ್ಟೇ ಹೋದಳು.

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 7

ನಿನ್ನೆ ಬಂತು. ಗೇಟಿನೊಳಗೆ ನಿಂತಿದೆ. ಕಡುನೀಲಿ, ಬಾನೆಟ್ಟಿನ ಸಂದಿಯಲ್ಲಿ ಹಳದಿ. ತೊಳೆಯಲು ಅವ್ವ ಬಿಡುವುದಿಲ್ಲ.

ಸಿದ್ದಾರೂಢ ಕೀ ಕೊಟ್ಟ. ನಾನು ಕೂಡಲೇ ತೆಗೆದುಕೊಳ್ಳಲಿಲ್ಲ. ಬಿಚ್ಚಿ ಕಟ್ಟಿದ ಬ್ರೇಕು ಅದು. ಅಬ್ದುಲರಜಾಕನನ್ನು ಕರೆಸಿದ್ದೆ, ನಾಲ್ಕೂ ಗಾಲಿ ಮತ್ತೆ ಬಿಚ್ಚಿಸಿ, ಒಂದೊಂದು ಬೋಲ್ಟ್ ನೋಡಿಸಿ, ಸಿಂದಗಿ ರಸ್ತೆಯಲ್ಲಿ ಓಡಿಸಿ ಹಿಡಿದು ಓಡಿಸಿ ಹಿಡಿದು ತಂದ ಮೇಲೆ ಕೀ ಇಸಿದುಕೊಂಡೆ. ಸಿದ್ದಾರೂಢ ಬೇಸರ ಮಾಡಿಕೊಳ್ಳಲಿಲ್ಲ. ಅಂಗಡಿಯ ತಕ್ಕಡಿಗೆ ಇಲಾಖೆಯವರು ಸೀಲ್ ಹಾಕಿ ಹೋದರು ಎಂದು ತಾನೇ ಹೇಳಿದ.

ಅವ್ವ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಳೆ. ನಾಲ್ಕು ಸಾಕು, ಎಂಟು ಇಟ್ಟಿದ್ದಾಳೆ. ಇಂಡಿಯಲ್ಲಿ ನಿಂಬೆಗೆ ಬರವೇ? ಇಡುವ ಮೊದಲು ಒಂದೊಂದನ್ನೂ ಅಪ್ಪನ ಕೈಗೆ ಕೊಟ್ಟು ಯಾವುದು ಭಾರ ಎಂದು ಕೇಳುತ್ತಿದ್ದಳು. ಅಪ್ಪ ಹೇಳುತ್ತಿದ್ದ.

ಬೆಳಿಗ್ಗೆ ಐದಕ್ಕೇ ಎದ್ದು ರುಮಾಲು ಸುತ್ತಿ ಸಿದ್ಧನಾಗಿದ್ದಾನೆ. ಚಪ್ಪಲಿ ಹಾಕಿಕೊಂಡೇ ಕಾರಿನಲ್ಲಿ ಕೂತ. ಬೀರಪ್ಪನ ಗುಡಿಗೆ ಮೊದಲು ಹೋಗೋಣ ಎಂದೆ. ಬೇಡ ಎಂದ. ಬೀರಪ್ಪ ಎಲ್ಲೂ ಹೋಗುವುದಿಲ್ಲವಂತೆ.

"ಮುದ್ದೇಬಿಹಾಳಕ್ಕ ನಡಿ. ಸಾಹುಕಾರ್ರ ಅಂಗಡಿ ಮುಂದ ಜೋರ ಹೋಗಿ ಒಮ್ಮೆ ಬ್ರೇಕ್ ಹಾಕು. ಹಿಡೀತೈತೋ ಇಲ್ಲೋ ನೋಡೂಣು."

ಬ್ರೇಕ್ ಹಿಡಿಯುತ್ತದೆ, ತೂಗಿ ಆಗಿದೆ ಎಂದೆ. ತೂಗಿದ್ದು ನಾವು, ಅವರೂ ನೋಡಲಿ ಎಂದ. ಇಷ್ಟು ಬರೆದು ಹೋಗೋಣವೆಂದು ಒಳಗೆ ಬಂದೆ. ಹೊರಗೆ ಹಾರ್ನ್. ಅಪ್ಪ. ಯಾವ ಗುಂಡಿ ಒತ್ತಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರೋ. ಮತ್ತೆ ಹೊಡೆದ, ಉದ್ದಕ್ಕೆ, ಬೀದಿಯವರೆಲ್ಲ ಎದ್ದಿರಬೇಕು. ಬಂದೆ ಅಪ್ಪಾ, ಬಂ—